ಬಳ್ಳಾರಿ ರಾಘವರ ತಾಲೀಮು



ದೇಶನೂರು, ಸಿರುಗುಪ್ಪ, ಕುರುಗೋಡಿನ ಕಡೆಯಿಂದ ಬಳ್ಳಾರಿಗೆ ಓದಲು ಹೋಗುವ ನಮ್ಮ ವಿದ್ಯಾರ್ಥಿಗಳು ರಾಘವ ಕಲಾಮಂದಿರದ ಹೆಸರನ್ನು ಕೇಳಿಯೇ ಇರುತ್ತೀರಿ. ಸಭೆ ಸಮಾರಂಭಗಳಿಗೆ ಒಳಗೆ ಹೋಗಿ ಕುಳಿತು ಬಂದವರೂ ನಿಮ್ಮಲ್ಲಿ ಇದ್ದೀರಿ. ಆದರೆ ಆ ರಾಘವರು ಯಾರು ಎಂದು ಯಾರಾದರೂ ಕೇಳಿದರೆ, ಹಿಂದಿನ ಕಾಲದ ದೊಡ್ಡ ನಟರಂತೆ ಎಂದಷ್ಟೇ ಹೇಳಿ ಸುಮ್ಮನಾಗುತ್ತೇವೆ. ನಮ್ಮದೇ ಜಿಲ್ಲೆಯ ಹೆಸರನ್ನು ತಮ್ಮ ಹೆಸರಿನ ಮುಂದೆ ಹೊತ್ತು ಇಂಗ್ಲೆಂಡಿನವರೆಗೆ ಹೋಗಿ ಬಂದ ಈ ಮನುಷ್ಯನ ಬಗ್ಗೆ ನಾವು ಇನ್ನಷ್ಟು ತಿಳಿದಿರಬೇಕು.

ವಿದ್ಯಾಸಂಸ್ಥೆಯೊಂದರ ವಾರ್ಷಿಕ ಸಂಚಿಕೆಯಲ್ಲಿ ನಟರೊಬ್ಬರ ಚರಿತ್ರೆ ಏಕೆ ಎಂದು ನೀವು ಕೇಳಬಹುದು. ಅದಕ್ಕೆ ಉತ್ತರ ಒಂದು ಶಬ್ದದಲ್ಲಿಯೇ ಇದೆ. ನಾಟಕಕ್ಕೆ ಮುಂಚೆ ನಡೆಯುವ ಅಭ್ಯಾಸವನ್ನು ನಮ್ಮ ಹಳ್ಳಿಯ ಜನ ತಾಲೀಮು ಎನ್ನುತ್ತಾರೆ. ಗರಡಿಮನೆಯ ಕಸರತ್ತಿಗೂ ಅದೇ ಹೆಸರು. ಇದು ಅರಬ್ಬಿಯ ತಾಲೀಮ್ ಎಂಬ ಶಬ್ದ. ಅದರ ಅರ್ಥ ಶಿಕ್ಷಣ, ಕಲಿಸುವುದು. ನಾವು ಮಕ್ಕಳನ್ನು ಶಾಲೆಗೆ ಕಳಿಸಿ ಏನನ್ನು ಬಯಸುತ್ತೇವೆಯೋ ಅದೇ ಹೆಸರನ್ನು ನಮ್ಮ ಕನ್ನಡ ಜನ ನಾಟಕದ ಅಭ್ಯಾಸಕ್ಕೂ ಇಟ್ಟುಕೊಂಡಿದ್ದಾರೆ. ರಾಘವರ ಬದುಕನ್ನು ಓದಿದರೆ ಈ ಹೆಸರು ಎಷ್ಟು ಸರಿ ಎಂಬುದು ನಿಮಗೂ ತಿಳಿಯುತ್ತದೆ.

ಊರಿನವರೇ ಕಟ್ಟುವ ನಾಟಕ

ನಮ್ಮ ಕಡೆ ಹಳ್ಳಿಗಳಲ್ಲಿ ನಾಟಕ ಹೇಗೆ ತಯಾರಾಗುತ್ತದೆ ಎಂಬುದನ್ನು ಮೊದಲು ನೆನಪಿಸಿಕೊಳ್ಳಿ. ಜಾತ್ರೆ ಇಲ್ಲವೆ ಉರುಸು ಹತ್ತಿರ ಬಂದಾಗ ಹುಡುಗರೆಲ್ಲ ಸೇರಿ ಒಂದು ನಾಟಕ ಆಡಬೇಕೆಂದು ತೀರ್ಮಾನಿಸುತ್ತಾರೆ. ಕಲಿಸಲು ಒಬ್ಬ ಮಾಸ್ತರರನ್ನು ಕರೆಸುತ್ತಾರೆ. ಮಾಸ್ತರರು ಹಾರ್ಮೋನಿಯಂ ಮುಂದಿಟ್ಟುಕೊಂಡು ಕೂಡುತ್ತಾರೆ, ಪಕ್ಕದಲ್ಲಿ ತಬಲಾದವರು. ಹಗಲೆಲ್ಲ ಗದ್ದೆಯಲ್ಲಿ, ಅಂಗಡಿಯಲ್ಲಿ ದುಡಿದು ಬಂದವರು ರಾತ್ರಿ ಊಟ ಮುಗಿಸಿ ತಾಲೀಮಿಗೆ ಬರುತ್ತಾರೆ. ಹಾಡಿನ ಧಾಟಿ ಕೂಡದಿದ್ದರೆ ಮತ್ತೆ ಮತ್ತೆ ಹೇಳಿಸುತ್ತಾರೆ. ಮಾತು ಬಾಯಿಪಾಠವಾಗದವನಿಗೆ ಬೈಗುಳವೂ ಉಂಟು. ದೊಡ್ಡಾಟಕ್ಕೆ ಕುಣಿತ ಬೇರೆ ಕಲಿಯಬೇಕು. ಮೊಹರಂ ಬಂತೆಂದರೆ ರಿವಾಯತ್ ಪದ ಹಾಡುವ ಮೇಳದವರೂ ಹೀಗೆಯೇ ಕೂತು ಕಲಿಯುತ್ತಾರೆ, ಅದರಲ್ಲಿ ಎಲ್ಲ ಜಾತಿಯವರೂ ಇರುತ್ತಾರೆ.

ಇಲ್ಲಿ ಯಾರಿಗೂ ಸಂಬಳ ಇಲ್ಲ. ಕೈಯಿಂದಲೇ ಖರ್ಚು. ಮರುದಿನ ಬೆಳಗ್ಗೆ ರಾಜನ ಪಾತ್ರದವನು ಮತ್ತೆ ಎತ್ತು ಹೂಡುತ್ತಾನೆ. ಇಂಥ ನಾಟಕವನ್ನು ಹವ್ಯಾಸಿ ನಾಟಕ ಎನ್ನುತ್ತಾರೆ. ಬಳ್ಳಾರಿ ರಾಘವರು ಈ ಪಂಗಡಕ್ಕೆ ಸೇರಿದವರು. ಅವರು ಯಾವ ವೃತ್ತಿ ಕಂಪನಿಯ ಸಂಬಳದ ನಟರೂ ಆಗಿರಲಿಲ್ಲ. ಹಗಲು ಕಚೇರಿಯಲ್ಲಿ ವಕೀಲಿ, ರಾತ್ರಿ ಸಭಾದಲ್ಲಿ ನಾಟಕ. ಇದೇ ಅವರ ಜೀವನಕ್ರಮ.

ಎರಡು ಸಭಾಗಳ ಬಳ್ಳಾರಿ

ರಾಘವರ ಪೂರ್ಣ ಹೆಸರು ತಾಡಿಪತ್ರಿ ರಾಘವಾಚಾರ್ಯ. 1880ರ ಆಗಸ್ಟ್ 2ರಂದು ತಾಡಿಪತ್ರಿಯಲ್ಲಿ ಹುಟ್ಟಿದರು. ಆ ಊರು ಈಗ ಆಂಧ್ರಪ್ರದೇಶದ ಅನಂತಪುರ ಜಿಲ್ಲೆಯಲ್ಲಿದೆ. ಅನಂತಪುರ ಜಿಲ್ಲೆ ಬಳ್ಳಾರಿಯಿಂದ ಬೇರ್ಪಟ್ಟಿದ್ದು 1882ರಲ್ಲಿ. ತಂದೆ ನರಸಿಂಹಾಚಾರ್ಯರು ಉಪಾಧ್ಯಾಯರು, ತಾಯಿ ಶೇಷಮ್ಮ. ಹುಡುಗ ಓದಿದ್ದು ಬಳ್ಳಾರಿಯ ಹೈಸ್ಕೂಲಿನಲ್ಲಿ.

ಆಗಿನ ಬಳ್ಳಾರಿ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ದಂಡು ಇದ್ದ ಊರು. ಬೀದಿಯಲ್ಲಿ ಕನ್ನಡ, ತೆಲುಗು, ದಖನಿ ಉರ್ದು, ತಮಿಳು ಎಲ್ಲವೂ ಕೇಳಿಸುತ್ತಿದ್ದವು, ಕಚೇರಿಯಲ್ಲಿ ಇಂಗ್ಲಿಷು. ಧಾರವಾಡ ಕಡೆಯ ನಾಟಕ ಮಂಡಳಿಗಳು, ಪಾರ್ಸಿ ಕಂಪನಿಗಳು ಈ ಭಾಗಕ್ಕೆ ಬಂದು ಆಟ ಆಡುತ್ತಿದ್ದವು. ಪಾರ್ಸಿ ಕಂಪನಿಗಳ ನಾಟಕಗಳೆಂದರೆ ಹಾಡುಗಳ ಮಳೆ. ಅವರ ಆ ಪದ್ಧತಿಯ ಹಿಂದೆ ಉರ್ದುವಿನ ಒಂದು ಕೃತಿ ಇದೆ. ಲಖನೌದ ಕವಿ ಅಮಾನತ್ 1850ರ ದಶಕದಲ್ಲಿ ಬರೆದ ಇಂದರ್ ಸಭಾ ಎಂಬ ನಾಟಕದಲ್ಲಿ ಮಾತಿಗಿಂತ ಗಜಲು, ಠುಮ್ರಿಗಳೇ ಹೆಚ್ಚು. ಅದನ್ನು ಪಾರ್ಸಿ ಕಂಪನಿಗಳು ದೇಶದ ತುಂಬ ಹರಡಿದವು. ನಮ್ಮ ಕಂಪನಿ ನಾಟಕಗಳು, ಮುಂದೆ ನಮ್ಮ ಸಿನಿಮಾಗಳು ಹಾಡಿಲ್ಲದೆ ನಡೆಯದಂತಾದುದಕ್ಕೆ ಅಲ್ಲಿಯೂ ಒಂದು ಬೇರಿದೆ.

ಇವನ್ನೆಲ್ಲ ನೋಡಿದ ಬಳ್ಳಾರಿಯ ವಿದ್ಯಾವಂತರಿಗೆ ನಾವೇ ಏಕೆ ನಾಟಕ ಆಡಬಾರದು ಎನ್ನಿಸಿತು. ರಾಘವರ ಸೋದರಮಾವ ಧರ್ಮವರಂ ರಾಮಕೃಷ್ಣಮಾಚಾರ್ಯರು (1853-1912) ವಕೀಲರು. ಅವರು ಸರಸವಿನೋದಿನಿ ಸಭಾ ಎಂಬ ಸಂಘ ಕಟ್ಟಿ ತಾವೇ ನಾಟಕ ಬರೆದು, ತಾವೇ ಆಡಿದರು. ತೆಲುಗು ಜನ ಅವರನ್ನು ಆಂಧ್ರ ನಾಟಕ ಪಿತಾಮಹ ಎಂದು ಗೌರವಿಸುತ್ತಾರೆ. ಅವರ ನಾಟಕಗಳಲ್ಲಿ ಪದ್ಯ, ಹಾಡು ಧಾರಾಳ. ಹಂಪಿಯ ಬದಿಯ ಕಮಲಾಪುರದಲ್ಲಿ ಹುಟ್ಟಿದ ಇನ್ನೊಬ್ಬ ವಕೀಲ ಕೋಲಾಚಲಂ ಶ್ರೀನಿವಾಸರಾಯರು (1854-1919) ಸುಮನೋರಮಾ ಸಭಾ ಕಟ್ಟಿದರು. ಅವರಿಗೆ ಇತಿಹಾಸದ ನಾಟಕಗಳ ಮೇಲೆ ಒಲವು. ಒಂದೇ ಊರಿನಲ್ಲಿ ಎರಡು ಸಭಾ ಎಂದ ಮೇಲೆ ಪೈಪೋಟಿ ಇರಲೇಬೇಕು, ಇತ್ತು. ಆ ಪೈಪೋಟಿಯಿಂದ ಊರಿಗೆ ಒಳ್ಳೆಯದೇ ಆಯಿತು.

ಇದರ ಪ್ರಭಾವ ಎಷ್ಟಿತ್ತು ಎಂಬುದಕ್ಕೆ ಒಂದು ಸಂಗತಿ ಸಾಕು. 1891ರಲ್ಲಿ ಸರಸವಿನೋದಿನಿ ಸಭಾ ಮದ್ರಾಸಿಗೆ ಹೋಗಿ ನಾಟಕ ಆಡಿತು. ಅದನ್ನು ನೋಡಿದ ಪಮ್ಮಲ್ ಸಂಬಂಧ ಮುದಲಿಯಾರ್ ಎಂಬ ತರುಣ, ವಕೀಲರು ಅಧಿಕಾರಿಗಳು ಮರ್ಯಾದೆಯಿಂದ ವೇಷ ಕಟ್ಟುವುದನ್ನು ಕಂಡು ಬೆರಗಾದ. ಅದೇ ವರ್ಷ ಅಲ್ಲಿ ಸುಗುಣ ವಿಲಾಸ ಸಭಾ ಹುಟ್ಟಿತು. ತಮಿಳು ರಂಗಭೂಮಿಯ ಇತಿಹಾಸ ಬರೆಯುವವರು ಇಂದಿಗೂ ಬಳ್ಳಾರಿಯ ಹೆಸರನ್ನು ಬರೆಯದೆ ಮುಂದೆ ಹೋಗುವಂತಿಲ್ಲ.

ಇಂಥ ಮನೆ, ಇಂಥ ಊರಿನಲ್ಲಿ ಬೆಳೆದ ರಾಘವರು ಹುಡುಗನಿದ್ದಾಗಲೇ ಬಣ್ಣ ಹಚ್ಚಿದರು. ಆದರೆ ಓದು ಬಿಡಲಿಲ್ಲ. ಮದ್ರಾಸ್ ಕ್ರಿಶ್ಚಿಯನ್ ಕಾಲೇಜಿನಲ್ಲಿ ಪದವಿ ಮುಗಿಸಿ, 1905ರಲ್ಲಿ ಕಾನೂನು ಪದವಿ ಪಡೆದು ಬಳ್ಳಾರಿಗೆ ಬಂದು ವಕೀಲಿ ಹಿಡಿದರು. ಕ್ರಿಮಿನಲ್ ಮೊಕದ್ದಮೆಗಳಲ್ಲಿ ಹೆಸರು ಮಾಡಿದರು, ಸರ್ಕಾರಿ ವಕೀಲರೂ ಆದರು, ರಾವ್ ಬಹದ್ದೂರ್ ಬಿರುದೂ ಬಂತು. ನಾಟಕದ ಹುಚ್ಚಿನಲ್ಲಿ ಓದು ಹಾಳಾಯಿತು ಎಂಬ ಮಾತು ಇವರ ವಿಷಯದಲ್ಲಿ ನಡೆಯುವುದಿಲ್ಲ.

ಹಾಡುವ ಕಾಲದಲ್ಲಿ ಮಾತು ಹಿಡಿದವರು

ಈಗ ಒಬ್ಬ ನಟ ಆ ಕಾಲದಲ್ಲಿ ಒಂದು ಪಾತ್ರಕ್ಕೆ ಹೇಗೆ ತಯಾರಾಗಬೇಕಿತ್ತು ಎಂಬುದನ್ನು ನೋಡಿ. ಮೈಕು ಇರಲಿಲ್ಲ. ನಾಟಕ ರಾತ್ರಿಯೆಲ್ಲ ನಡೆಯುತ್ತಿತ್ತು. ಕೊನೆಯ ಸಾಲಿನಲ್ಲಿ ಕುಳಿತವನಿಗೂ ಕೇಳುವಂತೆ ಎತ್ತರದ ಶ್ರುತಿಯಲ್ಲಿ ಪದ್ಯ ಹೇಳಬೇಕು. ಪ್ರತಿ ಪದ್ಯಕ್ಕೂ ಒಂದು ರಾಗ. ಪದ್ಯ ಮುಗಿದ ಮೇಲೂ ರಾಗವನ್ನು ಎಳೆಯುತ್ತ ಹೋಗಬೇಕು. ಜನ ಒನ್ಸ್ ಮೋರ್ ಎಂದು ಕೂಗಿದರೆ ಸತ್ತು ಬಿದ್ದವನೂ ಎದ್ದು ಕುಳಿತು ಇನ್ನೊಮ್ಮೆ ಹಾಡುವುದಿತ್ತು. ಆದ್ದರಿಂದ ನಟನ ತಾಲೀಮು ಎಂದರೆ ಮುಖ್ಯವಾಗಿ ಕಂಠದ ತಾಲೀಮು. ಕನ್ನಡದಲ್ಲಿ ಎ.ವಿ. ವರದಾಚಾರ್ಯರಂಥ (1869-1926) ಮಹಾನಟರು ಹಾಡಿನಲ್ಲೂ ಅಭಿನಯದಲ್ಲೂ ಮೇಲು ಎನ್ನಿಸಿಕೊಂಡಿದ್ದರು. ಆದರೆ ಎಲ್ಲರೂ ವರದಾಚಾರ್ಯರಲ್ಲ. ಬಹುತೇಕರಿಗೆ ಕಂಠವಿದ್ದರೆ ಸಾಕಿತ್ತು, ಪಾತ್ರದ ಮನಸ್ಸು ಏನಾದರೂ ಆಗಲಿ.

ರಾಘವರು ಇದನ್ನು ಒಪ್ಪಲಿಲ್ಲ. ಹರಿಶ್ಚಂದ್ರ ಮಸಣದಲ್ಲಿ ನಿಂತಿದ್ದಾನೆ, ಮುಂದೆ ಮಗನ ಹೆಣವಿದೆ. ಆಗ ಅವನು ರಾಗ ಎಳೆಯುತ್ತ ನಿಂತರೆ ಅದು ದುಃಖವೋ ಸಂಗೀತ ಕಚೇರಿಯೋ ಎಂಬುದು ಹೊಸ ಕಾಲದ ನಟರ ಪ್ರಶ್ನೆಯಾಗಿತ್ತು. ಈ ಪ್ರಶ್ನೆಯನ್ನು ಗಟ್ಟಿಯಾಗಿ ಎತ್ತಿ, ರಂಗದ ಮೇಲೆಯೇ ಉತ್ತರ ಕೊಟ್ಟವರಲ್ಲಿ ರಾಘವರು ಮೊದಲಿಗರು. ಪದ್ಯಗಳನ್ನು ಕಡಿಮೆ ಮಾಡಿದರು. ಇದ್ದ ಪದ್ಯವನ್ನು ಅರ್ಥ ತಿಳಿಯುವಂತೆ ಮಾತಿನ ಹಾಗೆ ಹೇಳಿದರು. ದನಿ ಎಲ್ಲಿ ಇಳಿಯಬೇಕು, ಎಲ್ಲಿ ಸುಮ್ಮನೆ ನಿಲ್ಲಬೇಕು, ಕೈ ಎಲ್ಲಿ ನಡುಗಬೇಕು ಎಂಬುದರ ಮೇಲೆ ಗಮನವಿಟ್ಟರು. ಹಾಡು ಕೇಳಲು ಬಂದ ಜನ ಮೊದಲು ತಬ್ಬಿಬ್ಬಾಗಿರಬೇಕು. ಆಮೇಲೆ ಅವರ ಮಾತು ಕೇಳಲಿಕ್ಕೆಂದೇ ಜನ ಬರತೊಡಗಿದರು.

ಈ ರೀತಿಯ ಅಭಿನಯಕ್ಕೆ ತಾಲೀಮು ಸುಲಭವಾಯಿತೆಂದು ತಿಳಿಯಬೇಡಿ. ಹಾಡಿಗೆ ಹಾರ್ಮೋನಿಯಂ ಆಸರೆ ಇದೆ, ತಾಳದ ಲೆಕ್ಕ ಇದೆ. ಮಾತಿಗೆ ಅಂಥ ಆಸರೆ ಇಲ್ಲ. ಪಾತ್ರ ಯಾರು, ಅವನಿಗೆ ಏನು ಬೇಕು, ಎದುರಿನವನ ಮಾತು ಅವನಿಗೆ ಎಲ್ಲಿ ತಾಗಿತು ಎಂಬುದೆಲ್ಲ ನಟನಿಗೆ ತಿಳಿದಿರಬೇಕು. ಅದಕ್ಕೆ ಪುಸ್ತಕ ಓದಬೇಕು, ಮನುಷ್ಯರನ್ನು ನೋಡಬೇಕು. ರಾಘವರು ಬಳ್ಳಾರಿಯಲ್ಲಿ ಷೇಕ್ಸ್‌ಪಿಯರ್ ಕ್ಲಬ್ ಸ್ಥಾಪಿಸಿ ಆ ಮಹಾಕವಿಯ ನಾಟಕಗಳನ್ನು ಇಂಗ್ಲಿಷಿನಲ್ಲಿಯೇ ಆಡಿಸಿದರು. ಒಥೆಲೊ, ಶೈಲಾಕ್ ಮುಂತಾದ ಪಾತ್ರಗಳನ್ನು ತಾವೇ ಮಾಡಿದರು. ಒಥೆಲೊ ಕಪ್ಪು ಬಣ್ಣದ ಮೂರ್, ಶೈಲಾಕ್ ಯಹೂದಿ. ಇಬ್ಬರೂ ತಾವಿದ್ದ ಊರಿನಲ್ಲಿ ಪರಕೀಯರು. ಅವರ ನೋವು ಅರಿಯದೆ ಅವರ ಪಾತ್ರ ಮಾಡಲು ಬರುವುದಿಲ್ಲ.

ಕ್ರಿಮಿನಲ್ ವಕೀಲಿಯೂ ಅವರಿಗೆ ಒಂದು ಶಾಲೆಯಾಗಿತ್ತು ಎಂದು ನನಗೆ ಅನ್ನಿಸುತ್ತದೆ. ಕಟಕಟೆಯಲ್ಲಿ ನಿಂತವನು ಸುಳ್ಳು ಹೇಳುವಾಗ ಏನು ಮಾಡುತ್ತಾನೆ, ನಿಜ ಹೇಳುವಾಗ ಏಕೆ ತೊದಲುತ್ತಾನೆ, ಮಗನನ್ನು ಕಳೆದುಕೊಂಡ ತಾಯಿ ಸಾಕ್ಷಿ ನುಡಿಯುವಾಗ ಅಳುತ್ತಾಳೋ ಸುಮ್ಮನಿರುತ್ತಾಳೋ, ಇವನ್ನೆಲ್ಲ ದಿನವೂ ನೋಡುವ ಅವಕಾಶ ವಕೀಲನಿಗೆ ಇರುತ್ತದೆ. ನೋಡುವ ಕಣ್ಣು ಇರಬೇಕಷ್ಟೆ.

ಪಠಾಣ ರುಸ್ತುಂ

ಓದುಗರೇ, ರಾಘವರ ಹೆಸರಿನೊಂದಿಗೆ ಬಿಡದೆ ಬರುವ ಪಾತ್ರಗಳಲ್ಲಿ ಪಠಾಣ ರುಸ್ತುಂ ಒಂದು. ನಮ್ಮ ಸಂಚಿಕೆಯಲ್ಲಿ ಅವರ ಕಥೆ ಬರೆಯಲು ಮುಖ್ಯ ಕಾರಣ ಈ ಪಾತ್ರವೇ.

ಕೋಲಾಚಲಂ ಶ್ರೀನಿವಾಸರಾಯರು ವಿಜಯನಗರದ ಪತನವನ್ನು ವಸ್ತುವಾಗಿಟ್ಟು ರಾಮರಾಜು ಚರಿತ್ರೆಯ ನಾಟಕ ಬರೆದರು. 1565ರ ಜನವರಿಯಲ್ಲಿ ನಡೆದ, ತಾಳಿಕೋಟೆ ಅಥವಾ ರಕ್ಕಸತಂಗಡಗಿ ಎಂದು ಕರೆಯುವ ಯುದ್ಧದ ಕಥೆ ಅದು. ಅದರಲ್ಲಿ ರುಸ್ತುಂ ಎಂಬ ಪಠಾಣನ ಪಾತ್ರವಿದೆ. ನಾಟಕ ರಾಮರಾಜನ ಹೆಸರಿನದು, ನಾಯಕ ರಾಮರಾಜ. ಆದರೆ ರಾಘವರು ಆರಿಸಿಕೊಂಡದ್ದು ಪಠಾಣನನ್ನು.

ಇದು ಎಷ್ಟು ಸೂಕ್ಷ್ಮ ಕೆಲಸ ಎಂದು ಯೋಚಿಸಿ. ಹಂಪಿ ಬಳ್ಳಾರಿಯಿಂದ ದೂರವಿಲ್ಲ. ಆ ಹಾಳಾದ ಪಟ್ಟಣವನ್ನು ಕಣ್ಣಾರೆ ನೋಡಿದ ಜನ ನಾಟಕಕ್ಕೆ ಬಂದು ಕುಳಿತಿರುತ್ತಾರೆ. ನೋಡುವವರಲ್ಲಿ ಹಿಂದೂಗಳೂ ಇರುತ್ತಾರೆ, ಮುಸ್ಲಿಮರೂ ಇರುತ್ತಾರೆ. ನಾಟಕ ಮುಗಿದ ಮೇಲೆ ಅವರೆಲ್ಲ ಒಂದೇ ಬೀದಿಯಲ್ಲಿ ನಡೆದು ಮನೆಗೆ ಹೋಗಬೇಕು. ಇಂಥ ಕಡೆ ಪಠಾಣನನ್ನು ಕೆಂಪು ಕಣ್ಣಿನ ರಾಕ್ಷಸನಂತೆ ತೋರಿಸಿ ಚಪ್ಪಾಳೆ ಗಿಟ್ಟಿಸುವುದು ಯಾವ ನಟನಿಗೂ ಸುಲಭ. ತಲೆಗೆ ಮುಂಡಾಸು, ಸೊಂಟಕ್ಕೆ ಕತ್ತಿ, ಎರಡು ಮುರುಕು ಉರ್ದು ಮಾತು ಇದ್ದರೆ ಸಾಕು. ಇಂಥ ವೇಷಗಳನ್ನು ನಾವು ನಾಟಕಗಳಲ್ಲಿ, ಸಿನಿಮಾಗಳಲ್ಲಿ ಬೇಕಾದಷ್ಟು ನೋಡಿದ್ದೇವೆ.

ರಾಘವರ ರುಸ್ತುಂ ಅಂಥ ವೇಷವಾಗಿದ್ದರೆ ಇಂದು ಅದರ ಹೆಸರು ಉಳಿಯುತ್ತಿರಲಿಲ್ಲ. ತಮ್ಮ ಧರ್ಮದವನಲ್ಲದ, ತಮ್ಮ ಭಾಷೆಯವನಲ್ಲದ ಒಬ್ಬ ಯೋಧನ ನಡಿಗೆ, ನಿಲುವು, ರೋಷ, ಮಾತಿನ ಠೀವಿ ಎಲ್ಲವನ್ನೂ ಅವರು ತಮ್ಮದಾಗಿಸಿಕೊಂಡರು. ನಾಯಕನಲ್ಲದ ಆ ಪಾತ್ರ ನಾಟಕದ ಮುಖ್ಯ ಆಕರ್ಷಣೆಯಾಯಿತು. ವೈಷ್ಣವ ಬ್ರಾಹ್ಮಣರ ಮನೆಯ ವಕೀಲರೊಬ್ಬರನ್ನು ತೆಲುಗು ನಾಡಿನ ಜನ ಒಬ್ಬ ಪಠಾಣನಾಗಿ ನೆನಪಿಟ್ಟುಕೊಂಡರು.

ಆದರೂ ಇಲ್ಲಿ ಒಂದು ಸತ್ಯವನ್ನು ಮುಚ್ಚಿಡಬಾರದು. ಒಬ್ಬ ನಟ ಎಷ್ಟೇ ದೊಡ್ಡವನಾದರೂ ಇಡೀ ನಾಟಕವನ್ನು ತಾನೊಬ್ಬನೇ ಬದಲಿಸಲಾರ. ಆ ನಾಟಕ ಎರಡು ಕೋಮುಗಳ ನಡುವೆ ಮನಸ್ತಾಪ ತರುತ್ತದೆ ಎಂಬ ಆತಂಕ ಹುಟ್ಟಿ, ಬ್ರಿಟಿಷ್ ಸರ್ಕಾರ ಅದರ ಪ್ರದರ್ಶನವನ್ನು ನಿಷೇಧಿಸಿತು. ನಾಟಕಗಳನ್ನು ತಡೆಯಲು 1876ರಲ್ಲಿಯೇ ಸರ್ಕಾರ ಒಂದು ಕಾಯಿದೆ ಮಾಡಿಕೊಂಡಿತ್ತು. ಇತಿಹಾಸವನ್ನು ಹಿಂದೂ ರಾಜ್ಯ, ಮುಸ್ಲಿಂ ರಾಜ್ಯ ಎಂದು ಎರಡೇ ಬಣ್ಣದಲ್ಲಿ ಬರೆದಾಗ ಇಂಥ ತೊಂದರೆ ಬರುತ್ತದೆ. ನಿಜವಾದ ವಿಜಯನಗರ ಅಷ್ಟು ಸರಳವಾಗಿರಲಿಲ್ಲ. ಅಲ್ಲಿನ ಅರಸರ ಸೈನ್ಯದಲ್ಲಿ ಮುಸ್ಲಿಂ ಸರದಾರರು, ಸೈನಿಕರು ಇದ್ದರು. ಇಮ್ಮಡಿ ದೇವರಾಯನ ಕಾಲದಲ್ಲಿ, 1439ರಲ್ಲಿ, ಅಹಮದ್ ಖಾನ್ ಎಂಬ ಅಧಿಕಾರಿ ಕಟ್ಟಿಸಿದ ಮಸೀದಿ ಹಂಪಿಯಲ್ಲಿ ಇಂದಿಗೂ ಇದೆ. ರಾಮರಾಯನೇ ತನ್ನ ಯೌವನದಲ್ಲಿ ಗೋಲ್ಕೊಂಡದ ಕುತುಬ್ ಶಾಹಿಗಳ ಸೇವೆಯಲ್ಲಿದ್ದವನು. ಮುಂದಿನ ಸಲ ಹಂಪಿಗೆ ಹೋದಾಗ ಆ ಮಸೀದಿಯನ್ನೂ ನೋಡಿ ಬನ್ನಿ.

ಹಾಗಾದರೆ ನಟನಿಂದ ಏನೂ ಆಗದೇ? ಆಗುತ್ತದೆ. ಬರೆದವನು ಒಂದೇ ಬಣ್ಣದಲ್ಲಿ ಬರೆದಿದ್ದರೂ ಆಡುವವನು ಅದರೊಳಗೆ ಒಬ್ಬ ಮನುಷ್ಯನನ್ನು ಹುಡುಕಬಹುದು. ನೋಡುವವನು ಎದುರಿನ ಕೋಮಿನವನ ಮುಖದಲ್ಲಿ ತನ್ನದೇ ಕೋಪ, ತನ್ನದೇ ಅಭಿಮಾನ ಕಂಡು ಒಂದು ಗಳಿಗೆ ಸುಮ್ಮನಾಗಬಹುದು. ನಟನ ಕೈಯಲ್ಲಿರುವುದು ಅಷ್ಟು. ಅದು ಸಣ್ಣದೂ ಅಲ್ಲ.

ನೇಕಾರ ಕಬೀರ

ರಾಘವರ ಇನ್ನೊಂದು ಪಾತ್ರ ಸಂತ ಕಬೀರರದು. ದೀನಬಂಧು ಕಬೀರ್ ಎಂಬ ನಾಟಕವನ್ನು ಅವರು ಹಿಂದಿಯಲ್ಲಿ ಆಡಿದರು. ಕಬೀರರು ಮುಸ್ಲಿಂ ನೇಕಾರರ ಮನೆಯಲ್ಲಿ ಬೆಳೆದವರು, ರಾಮ ರಹೀಮ ಎರಡೂ ಹೆಸರು ಹಿಡಿದು ಹಾಡಿದವರು ಎಂಬುದು ನಿಮಗೆ ಪಾಠಪುಸ್ತಕದಿಂದ ಗೊತ್ತಿದೆ.

ಪಠಾಣನಿಗೂ ಕಬೀರರಿಗೂ ಎಷ್ಟು ಅಂತರ ನೋಡಿ. ಒಬ್ಬನ ಕೈಯಲ್ಲಿ ಕತ್ತಿ, ಇನ್ನೊಬ್ಬರ ಕೈಯಲ್ಲಿ ನೂಲು. ಒಬ್ಬನು ಎದೆ ಸೆಟೆಸಿ ನಿಲ್ಲುವವನು, ಇನ್ನೊಬ್ಬರು ಮಗ್ಗದ ಮುಂದೆ ಬಾಗಿ ಕೂಡುವವರು. ಒಂದೇ ಮೈ, ಒಂದೇ ಕಂಠ ಎರಡಕ್ಕೂ ಒಗ್ಗಬೇಕು. ಮೇಲಾಗಿ ಭಾಷೆ ಹಿಂದಿ. ಬಳ್ಳಾರಿಯ ಬೀದಿಯ ದಖನಿ ಕಿವಿಗೆ ಬಿದ್ದಿದ್ದರೂ, ರಂಗದ ಮೇಲೆ ಹಿಂದಿ ಆಡಬೇಕಾದರೆ ಉಚ್ಚಾರಣೆ, ಅಂದರೆ ನಮ್ಮವರು ಹೇಳುವ ತಲಫ್ಫುಜ್, ಬೇರೆಯಾಗಿ ಕಲಿಯಬೇಕು. ತೆಲುಗು, ಕನ್ನಡ, ಇಂಗ್ಲಿಷ್, ಹಿಂದಿ ಈ ನಾಲ್ಕರಲ್ಲೂ ರಾಘವರು ನಟಿಸಿದರು. ನಾಲ್ಕು ಭಾಷೆ ಕೇಳಿಸುವ ಜಿಲ್ಲೆಯಲ್ಲಿ ಹುಟ್ಟಿದ ನಾವು ಎಷ್ಟನ್ನು ಶುದ್ಧವಾಗಿ ಮಾತಾಡುತ್ತೇವೆ ಎಂದು ಒಮ್ಮೆ ಕೇಳಿಕೊಳ್ಳೋಣ.

ಈ ನಾಟಕವನ್ನು ಮಹಾತ್ಮ ಗಾಂಧೀಜಿ ನೋಡಿದರು. ನಾಟಕ, ಸಿನಿಮಾಗಳಿಗೆ ಹೆಚ್ಚು ಹೊತ್ತು ಕೊಡದ ಅವರು ಕುಳಿತು ನೋಡಿ ರಾಘವರನ್ನು ಬಹಳ ಮೆಚ್ಚಿಕೊಂಡರು. ಹಿಂದೂ ಮುಸ್ಲಿಂ ಐಕ್ಯಕ್ಕಾಗಿ ದುಡಿಯುತ್ತಿದ್ದ ಗಾಂಧೀಜಿಗೆ, ಬಳ್ಳಾರಿಯ ವಕೀಲರೊಬ್ಬರು ಕಬೀರರಾಗಿ ನಿಂತದ್ದು ಹಿಡಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಹೊರದೇಶ, ಸಿನಿಮಾ, ಶಿಷ್ಯರು

1920ರ ದಶಕದ ಕೊನೆಯ ಹೊತ್ತಿಗೆ ರಾಘವರು ಯೂರೋಪಿಗೆ ಹೋದರು. ಇಂಗ್ಲೆಂಡ್, ಫ್ರಾನ್ಸ್, ಜರ್ಮನಿ, ಸ್ವಿಟ್ಜರ್ಲೆಂಡ್ ನೋಡಿದರು. ಅಲ್ಲಿನ ನಾಟಕಶಾಲೆಗಳಿಗೆ ಹೋಗಿ, ಅಲ್ಲಿನ ನಟರು ಹೇಗೆ ಕೆಲಸ ಮಾಡುತ್ತಾರೆಂದು ತಿಳಿದುಕೊಂಡರು. ಪ್ರಸಿದ್ಧ ನಾಟಕಕಾರ ಬರ್ನಾರ್ಡ್ ಷಾ ಅವರನ್ನು ಭೇಟಿಯಾದರು. ಐವತ್ತರ ಹತ್ತಿರ ಬಂದ, ಹೆಸರು ಮಾಡಿದ ನಟರೊಬ್ಬರು ಮತ್ತೆ ವಿದ್ಯಾರ್ಥಿಯಾಗಿ ಸಮುದ್ರ ದಾಟಿದರು ಎಂಬುದು ನಮ್ಮ ಗಮನದಲ್ಲಿರಲಿ.

ಹೆಣ್ಣಿನ ಪಾತ್ರವನ್ನು ಗಂಡಸರೇ ಮಾಡುತ್ತಿದ್ದ ಕಾಲದಲ್ಲಿ, ಹೆಣ್ಣಿನ ಪಾತ್ರ ಹೆಣ್ಣುಮಕ್ಕಳೇ ಮಾಡಬೇಕೆಂದು ರಾಘವರು ವಾದಿಸಿದರು. ಕೊಮ್ಮೂರಿ ಪದ್ಮಾವತಿ ದೇವಿ, ಕೊಪ್ಪರಪು ಸರೋಜಿನಿ ಮುಂತಾದ ಮಹಿಳೆಯರು ಅವರ ಪ್ರೋತ್ಸಾಹದಿಂದ ಮರ್ಯಾದೆಯಿಂದ ರಂಗಕ್ಕೆ ಬಂದರು. ಪುರಾಣದ ನಾಟಕಗಳ ಜೊತೆಗೆ ಸಮಾಜದ ಸಮಸ್ಯೆಗಳ ನಾಟಕಗಳನ್ನೂ ಕೈಗೆತ್ತಿಕೊಂಡರು. ಮುಂದೆ ಮದ್ರಾಸ್ ಹೈಕೋರ್ಟಿನ ಮುಖ್ಯ ನ್ಯಾಯಾಧೀಶರಾದ ಪಿ.ವಿ. ರಾಜಮನ್ನಾರ್ ಅವರು ಬರೆದ ತಪ್ಪೆವರಿದಿ ಎಂಬ ನಾಟಕ ಅವುಗಳಲ್ಲಿ ಒಂದು.

ಸಿನಿಮಾ ಮಾತಾಡಲು ಕಲಿತ ಮೇಲೆ ಅಲ್ಲಿಗೂ ಕರೆ ಬಂತು. 1936ರ ದ್ರೌಪದಿ ಮಾನಸಂರಕ್ಷಣಂ ಚಿತ್ರದಲ್ಲಿ ದುರ್ಯೋಧನನಾದರು. 1939ರ ರೈತು ಬಿಡ್ಡ, 1940ರ ಚಂಡಿಕಾ ಚಿತ್ರಗಳಲ್ಲೂ ನಟಿಸಿದರು. ರೈತು ಬಿಡ್ಡ ಜಮೀನ್ದಾರರ ದಬ್ಬಾಳಿಕೆಗೆ ಸಿಕ್ಕ ರೈತನ ಕಥೆ. ಸರ್ಕಾರದ ಬಿರುದು ಹೊತ್ತ ವಕೀಲರು ಇದರಲ್ಲಿ ರೈತನಾಗಿ ನಿಂತರು. ಆ ಚಿತ್ರಕ್ಕೆ ಜಮೀನ್ದಾರರಿಂದ ವಿರೋಧವೂ ಬಂತು. ಆದರೂ ಸಿನಿಮಾ ಅವರ ಮನಸ್ಸನ್ನು ಹಿಡಿಯಲಿಲ್ಲ, ಮೂರು ಚಿತ್ರಗಳಿಗೇ ಮುಗಿಯಿತು.

ಹಣದ ವಿಷಯದಲ್ಲಿ ಅವರ ನಡವಳಿಕೆ ನಮ್ಮಂಥ ಸಂಘಗಳಿಗೆ ಮುಖ್ಯ. ನಾಟಕವನ್ನು ಅವರು ಗಳಿಕೆಯ ದಾರಿ ಮಾಡಿಕೊಳ್ಳಲಿಲ್ಲ. ಸಹಾಯಾರ್ಥ ಪ್ರದರ್ಶನಗಳಿಗೆ ಕರೆದಾಗ ಹೋಗಿ ನಟಿಸಿ, ಬಂದ ಹಣ ಸತ್ಕಾರ್ಯಗಳಿಗೆ ಹೋಗುವಂತೆ ನೋಡಿಕೊಂಡರು. ಚಂದಾ ಎತ್ತಿ ಶಾಲೆ ನಡೆಸುವ ಕಷ್ಟ ಬಲ್ಲ ನಮ್ಮ ಸದಸ್ಯರಿಗೆ ಇದರ ಬೆಲೆ ಹೇಳಬೇಕಾಗಿಲ್ಲ.

ಕಲಿಯಲು ಬಂದವರಿಗೆ ಕಲಿಸಿದರು. ಬಳ್ಳಾರಿ ತಾಲ್ಲೂಕಿನ ಜೋಳದರಾಶಿ ಗ್ರಾಮದ ದೊಡ್ಡನಗೌಡರು ರಾಘವರ ಒಡನಾಟದಲ್ಲಿ ಬೆಳೆದು, ಕನ್ನಡದಲ್ಲಿ ನಟ, ನಾಟಕಕಾರ, ಗಮಕಿ ಎಂದು ಹೆಸರಾದರು. ಹಳ್ಳಿಯ ರೈತ ಮನೆತನದಿಂದ ಬಂದವರೂ ಈ ತಾಲೀಮಿನಲ್ಲಿ ಎಷ್ಟು ಎತ್ತರಕ್ಕೆ ಹೋಗಬಹುದು ಎಂಬುದಕ್ಕೆ ಅವರು ಸಾಕ್ಷಿ.

1946ರ ಏಪ್ರಿಲ್ 16ರಂದು ರಾಘವರು ತೀರಿಕೊಂಡರು. ದೇಶದ ಸ್ವಾತಂತ್ರ್ಯವನ್ನು ಅವರು ನೋಡಲಿಲ್ಲ. ಬಳ್ಳಾರಿ ಯಾವ ರಾಜ್ಯಕ್ಕೆ ಸೇರಬೇಕೆಂಬ ಜಗಳವನ್ನೂ ನೋಡಲಿಲ್ಲ. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು. ಜಿಲ್ಲೆ ಹಂಚಿಹೋದರೂ ರಾಘವರನ್ನು ಹಂಚಿಕೊಳ್ಳಲು ಆಗಲಿಲ್ಲ. ತೆಲುಗರೂ ನಮ್ಮವರು ಎನ್ನುತ್ತಾರೆ, ಕನ್ನಡಿಗರೂ ನಮ್ಮವರು ಎನ್ನುತ್ತೇವೆ. 1981ರಲ್ಲಿ ಭಾರತದ ಅಂಚೆ ಇಲಾಖೆ ಅವರ ಚಿತ್ರವಿರುವ ಅಂಚೆಚೀಟಿ ಹೊರತಂದಿತು.

ವಿದ್ಯಾರ್ಥಿ ಮಿತ್ರರೇ

ನಾಟಕ, ಹಾಡು ನಮ್ಮ ಮನೆಗಳಿಗೆ ಒಗ್ಗುವುದಿಲ್ಲ ಎಂಬ ಅಭಿಪ್ರಾಯ ನಮ್ಮ ಹಿರಿಯರಲ್ಲಿ ಹಲವರಿಗೆ ಇದೆ. ಅದು ಅವರ ನಂಬಿಕೆಯಿಂದ ಬಂದದ್ದು, ಅದನ್ನು ಗೌರವಿಸೋಣ. ನೀವೆಲ್ಲ ಬಣ್ಣ ಹಚ್ಚಬೇಕೆಂದು ಹೇಳಲು ಈ ಲೇಖನ ಬರೆದದ್ದಲ್ಲ. ಶಾಲಾ ವಾರ್ಷಿಕೋತ್ಸವದಲ್ಲಿ ಒಂದು ಪಾತ್ರ ಸಿಕ್ಕವರೂ, ಜನ್ಮದಲ್ಲಿ ಒಮ್ಮೆಯೂ ರಂಗ ಹತ್ತದವರೂ ರಾಘವರಿಂದ ಕಲಿಯುವುದು ಇದೆ.

ಮೊದಲನೆಯದು, ಹವ್ಯಾಸ ಎಂದರೆ ಅರೆಮನಸ್ಸಿನ ಕೆಲಸ ಎಂದಲ್ಲ. ಸಂಬಳವಿಲ್ಲದ ಕೆಲಸವನ್ನೂ ಅವರು ಮೊಕದ್ದಮೆಯಷ್ಟೇ ಶ್ರದ್ಧೆಯಿಂದ ಮಾಡಿದರು. ಎರಡನೆಯದು, ಓದು ಮತ್ತು ಕಲೆ ಒಂದಕ್ಕೊಂದು ಶತ್ರುವಲ್ಲ. ಅವರ ಕಲೆಯನ್ನು ಬೆಳೆಸಿದ್ದೇ ಅವರ ಓದು. ಮೂರನೆಯದು ಮತ್ತು ಮುಖ್ಯವಾದದ್ದು, ನಮ್ಮವನಲ್ಲದ ಮನುಷ್ಯನನ್ನು ಅರಿಯಲು ಶ್ರಮಪಡಬೇಕು. ಬ್ರಾಹ್ಮಣರ ಮನೆಯಲ್ಲಿ ಹುಟ್ಟಿದವರು ಒಬ್ಬ ಪಠಾಣನನ್ನು, ಒಬ್ಬ ನೇಕಾರನನ್ನು ಅರಿಯಲು ಅಷ್ಟು ತಾಲೀಮು ಮಾಡಿದರು. ನಾವೂ ನಮ್ಮ ಪಕ್ಕದ ಮನೆಯವರ ಹಬ್ಬ, ನೋವು, ಹರಿಶ್ಚಂದ್ರನ ಕಥೆ ಅವರಿಗೆ ಏಕೆ ಅಷ್ಟು ಪ್ರಿಯ ಎಂಬುದನ್ನು ತಿಳಿಯಲು ಅಷ್ಟೇ ಶ್ರಮಪಡುತ್ತಿದ್ದೇವೆಯೇ? ಅವರು ನಮ್ಮನ್ನು ತಪ್ಪಾಗಿ ಚಿತ್ರಿಸಿದರೆ ನಮಗೆ ನೋವಾಗುತ್ತದೆ. ನಾವು ಅವರನ್ನು ಸರಿಯಾಗಿ ತಿಳಿದಿದ್ದೇವೆಯೇ ಎಂಬ ಪ್ರಶ್ನೆಯೂ ನಮ್ಮ ಮುಂದಿರಬೇಕು.

ಈ ಕಲಿಕೆಗೆ ಯಾವ ಪರೀಕ್ಷೆಯೂ ಇಲ್ಲ, ಅಂಕಪಟ್ಟಿಯೂ ಇಲ್ಲ. ಒಂದೇ ಬಸ್ಸಿನಲ್ಲಿ, ಒಂದೇ ಬೆಂಚಿನಲ್ಲಿ ದಿನವೂ ಜೊತೆಗೆ ಕೂಡುವವರೇ ಇದಕ್ಕೆ ಗುರುಗಳು. ಮುಂದೆ ರಾಘವ ಕಲಾಮಂದಿರದ ಬಾಗಿಲು ದಾಟುವಾಗ, ಅಲ್ಲಿ ಹೆಸರಿರುವ ಮನುಷ್ಯ ಒಬ್ಬ ಪಠಾಣನ ಮನಸ್ಸನ್ನು ಓದಿದವರು ಎಂಬುದನ್ನು ನೆನೆದು ಒಳಗೆ ಹೋಗಿ.